ಲೋಹದ ಮದ್ದು, ಡಿ.ಎನ್.ಎ. ಗಂಟು ಮತ್ತು ನಮ್ಮ ಹತ್ತನೇ ತರಗತಿ



ಈ ಸಲ ಸ್ವಲ್ಪ ಉದ್ದ ಬರೆಯುತ್ತಿದ್ದೇವೆ, ಬೇಸರಿಸಬೇಡಿ. ರಸಾಯನಶಾಸ್ತ್ರ ಎಂದ ತಕ್ಷಣ ಪುಟ ತಿರುಗಿಸುವ ಭಾಷಾ ಮೇಷ್ಟ್ರುಗಳೂ ದಯವಿಟ್ಟು ಕೂತು ಓದಬೇಕು. ಮನೆಯಲ್ಲಿ ಕಷ್ಟ ಬಂದಾಗ ಮಕ್ಕಳು ವಿಜ್ಞಾನದ ಮೇಷ್ಟ್ರನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಯಾರು ಕೈಗೆ ಸಿಗುತ್ತಾರೋ ಅವರನ್ನೇ ಕೇಳುತ್ತಾರೆ.

ಆಲಸನತ್ತಂ ಕಡೆಯಿಂದ ಬರುವ ಒಬ್ಬ ಹುಡುಗಿ, ಆಗ ಹತ್ತನೇ ತರಗತಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾಲ್ಕು ಮಡಿಕೆ ಮಾಡಿದ ಆಸ್ಪತ್ರೆ ಚೀಟಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. "ಸಾರ್, ಇದರಾಗೆ ಪ್ಲಾಟಿನ್ ಅಂತ ಐತಲ್ಲ, ಅದು ಪ್ಲಾಟಿನಮ್ಮಾ? ನಮ್ಮಜ್ಜಿಗೆ ಲೋಹ ಹಾಕ್ತಾ ಅವ್ರಾ?" ಎಂದಳು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸಿಸ್‌ಪ್ಲಾಟಿನ್ ಎಂದು ಬರೆದಿತ್ತು. ಅಜ್ಜಿಗೆ ಬಾಯಿ ಕ್ಯಾನ್ಸರ್. ನಲವತ್ತು ವರ್ಷ ಎಲೆಅಡಿಕೆ, ಹೊಗೆಸೊಪ್ಪು ಹಾಕಿಕೊಂಡ ಬಾಯಿ. ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ದಿನಾ ಕರೆಂಟು (ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಹಾಗೇ ಅನ್ನುತ್ತಾರೆ), ವಾರಕ್ಕೊಮ್ಮೆ ಈ ಮದ್ದು. ಎರಡು ವಾರ ಮುಗಿದಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ "ಮೈಯೊಳಕ್ಕೆ ಲೋಹ ಬಿಡ್ತಾರೆ, ಕಿಡ್ನಿ ಹೋಗ್ತದೆ" ಅಂದಿದ್ದಾರೆ. ಇನ್ನೊಬ್ಬರು ಭಸ್ಮ ಕೊಡುವ ಒಬ್ಬರ ವಿಳಾಸ ಕೊಟ್ಟಿದ್ದಾರೆ.

ನಾವು ಏನು ಹೇಳಿದೆವು ಗೊತ್ತೇ? "ಡಾಕ್ಟರನ್ನೇ ಕೇಳಮ್ಮ" ಅಂದೆವು. ಮಾತು ಸರಿಯೇ. ಆದರೆ ಆ ಹುಡುಗಿ ಡಾಕ್ಟರನ್ನು ಕೇಳುವ ಜಾಗದಲ್ಲಿ ಇರಲಿಲ್ಲ, ನಮ್ಮನ್ನು ಕೇಳುವ ಜಾಗದಲ್ಲಿದ್ದಳು. ನಮಗೆ ಉತ್ತರ ಗೊತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ ಡಾಕ್ಟರ ಕಡೆಗೆ ಕೈ ತೋರಿಸಿದೆವು. ಅಜ್ಜಿ ಆಸ್ಪತ್ರೆ ಬಿಟ್ಟರು. ಐದು ವಾರ ಭಸ್ಮ ನೆಕ್ಕಿದರು. ಹುಣ್ಣು ದೊಡ್ಡದಾದ ಮೇಲೆ ಮಗ ಹೊತ್ತುಕೊಂಡು ಹೋಗಿ ಮತ್ತೆ ಸೇರಿಸಿದ. ವಿಕಿರಣ ಚಿಕಿತ್ಸೆ ನಡುವೆ ನಿಂತರೆ ಗಡ್ಡೆ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ, ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಇದು ಕ್ಯಾನ್ಸರ್ ವೈದ್ಯರೆಲ್ಲ ಹೇಳುವ ಮಾತು. ಅಜ್ಜಿ ಈಗಲೂ ಇದ್ದಾರೆ, ದೇವರು ದೊಡ್ಡವನು. ಆದರೆ ಆ ಐದು ವಾರದ ಲೆಕ್ಕದಲ್ಲಿ ನಮ್ಮದೂ ಒಂದು ಪಾಲಿದೆ ಎಂಬುದು ಮನಸ್ಸಿನಿಂದ ಹೋಗುತ್ತಿಲ್ಲ.

ಇರಲಿ. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತೇವೆ.

ಹೌದಮ್ಮ, ಅದು ಪ್ಲಾಟಿನಂ. ಒಡವೆ ಅಂಗಡಿಯಲ್ಲಿ ಸಿಗುವ ಅದೇ ಮೂಲವಸ್ತು. ಆದರೆ ನಿಮ್ಮಜ್ಜಿಯ ರಕ್ತಕ್ಕೆ ಲೋಹದ ಪುಡಿ ಬಿಡುತ್ತಿಲ್ಲ. ನಡುವೆ ಒಂದು ಪ್ಲಾಟಿನಂ, ಅದನ್ನು ಹಿಡಿದುಕೊಂಡು ಎರಡು ಅಮೋನಿಯಾ, ಎರಡು ಕ್ಲೋರಿನ್, ನಾಲ್ಕೂ ಸೇರಿ ಒಂದು ಚಪ್ಪಟೆ ಚೌಕ. ಇದಕ್ಕೆ ಲೋಹದ ಸಂಕೀರ್ಣ ಎನ್ನುತ್ತಾರೆ. ನಿನ್ನ ರಕ್ತ ಕೆಂಪಗಿರುವುದು ಕಬ್ಬಿಣದ ಇಂಥದೇ ಸಂಕೀರ್ಣದಿಂದ, ಹೀಮೋಗ್ಲೋಬಿನ್‌ನಿಂದ. ಎಲೆಯ ಹಸಿರು ಮೆಗ್ನೀಸಿಯಂ ಸಂಕೀರ್ಣ. ವಿಟಮಿನ್ ಬಿ-12ರ ಹೊಟ್ಟೆಯೊಳಗೆ ಕೋಬಾಲ್ಟ್ ಇದೆ. ಕಬ್ಬಿಣದ ಮೊಳೆ ನುಂಗಿದರೆ ರಕ್ತ ಹೆಚ್ಚುವುದಿಲ್ಲ, ಮೊಳೆಯಲ್ಲೂ ರಕ್ತದಲ್ಲೂ ಇರುವುದು ಕಬ್ಬಿಣವೇ ಆದರೂ. ಯಾವ ಲೋಹ ಎನ್ನುವುದರ ಜೊತೆಗೆ ಅದನ್ನು ಯಾರು ಯಾರು, ಯಾವ ಕಡೆಯಿಂದ ಹಿಡಿದುಕೊಂಡಿದ್ದಾರೆ ಎನ್ನುವುದನ್ನೂ ನೋಡಬೇಕು.

ಈ "ಯಾವ ಕಡೆಯಿಂದ" ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ ಮಿತ್ರರೇ. ಸಿಸ್‌ಪ್ಲಾಟಿನ್‌ನಲ್ಲಿ ಎರಡು ಕ್ಲೋರಿನ್ ಒಂದೇ ಪಕ್ಕದಲ್ಲಿವೆ. ಅದೇ ಪ್ಲಾಟಿನಂ, ಅದೇ ಎರಡು ಅಮೋನಿಯಾ, ಅದೇ ಎರಡು ಕ್ಲೋರಿನ್ ಇಟ್ಟುಕೊಂಡು, ಕ್ಲೋರಿನ್‌ಗಳನ್ನು ಎದುರುಬದುರು ಕೂರಿಸಿದರೆ ಟ್ರಾನ್ಸ್‌ಪ್ಲಾಟಿನ್. ಅದು ಕ್ಯಾನ್ಸರಿಗೆ ಮದ್ದಾಗಿ ಕೆಲಸಕ್ಕೆ ಬರಲಿಲ್ಲ. ಪದಾರ್ಥದಲ್ಲಿ ಒಂದು ಕಣವೂ ವ್ಯತ್ಯಾಸವಿಲ್ಲ, ಕೂತ ಜಾಗ ಮಾತ್ರ ಬೇರೆ. ನಮಗೆ ಇದು ತಿಳಿದ ದಿನ ಭಸ್ಮದವರ "ನಮ್ಮದರಲ್ಲೂ ಲೋಹ ಇದೆ, ಅವರದರಲ್ಲೂ ಲೋಹ ಇದೆ" ಎನ್ನುವ ವಾದ ಬಿದ್ದುಹೋಯಿತು. "ಲೋಹ ಅಂದರೆ ವಿಷ" ಎನ್ನುವ ಬೀದಿಯ ವಾದವೂ ಅದೇ ಏಟಿಗೆ ಬಿದ್ದಿತು.

ಸಿಸ್‌ಪ್ಲಾಟಿನ್ ಹೊಸದೇನಲ್ಲ. ಇಟಲಿಯ ಮಿಕೆಲೆ ಪೆರೋನೆ ಎಂಬಾತ 1844ರಲ್ಲೇ ಮಾಡಿದ್ದ. ಅದು ಹೇಗಿದೆ ಎಂದು ಆಲ್ಫ್ರೆಡ್ ವರ್ನರ್ 1893ರಲ್ಲಿ ಊಹಿಸಿದ, ಸಂಕೀರ್ಣಗಳ ಮೇಲಿನ ಕೆಲಸಕ್ಕೆ 1913ರಲ್ಲಿ ನೊಬೆಲ್ ಬಂತು. ಆದರೂ ಅದು ಮದ್ದು ಎಂದು ನೂರಿಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ! 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬವರು ಬ್ಯಾಕ್ಟೀರಿಯಾ ಮೇಲೆ ವಿದ್ಯುತ್ ಏನು ಮಾಡುತ್ತದೆ ನೋಡೋಣ ಎಂದು ಪ್ಲಾಟಿನಂ ಕಡ್ಡಿಗಳನ್ನು ಇಳಿಬಿಟ್ಟರು. ಬ್ಯಾಕ್ಟೀರಿಯಾ ಒಡೆಯುವುದನ್ನು ನಿಲ್ಲಿಸಿ ದಾರದಂತೆ ಉದ್ದಕ್ಕೆ ಬೆಳೆಯತೊಡಗಿದವು, ಮಾಮೂಲಿಗಿಂತ ಮುನ್ನೂರು ಪಟ್ಟು ಉದ್ದ. ವಿದ್ಯುತ್ತಿನ ಮಹಿಮೆ ಎಂದುಕೊಂಡರೆ ಅಲ್ಲ, ಕಡ್ಡಿಯಿಂದ ಚೂರು ಚೂರೇ ಕರಗಿ ಬಂದ ಪ್ಲಾಟಿನಂ ನೀರಿನಲ್ಲಿದ್ದ ಅಮೋನಿಯಂ, ಕ್ಲೋರೈಡ್ ಜೊತೆ ಸೇರಿ ಸಂಕೀರ್ಣವಾಗಿತ್ತು. ಒಡೆಯುವುದನ್ನು ನಿಲ್ಲಿಸುವ ಪದಾರ್ಥ ಎಂದ ಮೇಲೆ, ಒಡೆಯುವುದೇ ಕಸುಬಾದ ಕ್ಯಾನ್ಸರ್ ಕೋಶದ ಮೇಲೆ ಯಾಕೆ ಪ್ರಯೋಗಿಸಬಾರದು? ಇಲಿಗಳಾದವು, 1971ರಲ್ಲಿ ರೋಗಿಗಳಿಗೆ ಕೊಟ್ಟರು, 1978ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ವೃಷಣದ ಕ್ಯಾನ್ಸರ್ ಮೈಯೆಲ್ಲ ಹರಡಿದ ಹುಡುಗರು ಅಲ್ಲಿಯವರೆಗೆ ಹೆಚ್ಚುಪಾಲು ಸಾಯುತ್ತಿದ್ದರು. ಲಾರೆನ್ಸ್ ಐನ್‌ಹಾರ್ನ್ ಎಂಬ ವೈದ್ಯರು 1974ರಲ್ಲಿ ಸಿಸ್‌ಪ್ಲಾಟಿನ್ ಸೇರಿಸಿ ಕೊಡಲು ಶುರುಮಾಡಿದ ಮೇಲೆ ಹೆಚ್ಚುಪಾಲು ಬದುಕಿದರು. ನಮ್ಮ ಯುವರಾಜ್ ಸಿಂಗ್ 2012ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋದದ್ದು ಇದೇ ಐನ್‌ಹಾರ್ನ್ ಅವರ ಹತ್ತಿರ. ಇಷ್ಟು ಹೇಳಿದರೆ ಸಾಕು, ಕ್ಲಾಸಿನ ಹಿಂದಿನ ಬೆಂಚು ಮುಂದಕ್ಕೆ ಬರುತ್ತದೆ.

ಇನ್ನು ಕಿಡ್ನಿಯ ಮಾತು. ಬೀದಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದನ್ನು ಮುಚ್ಚಿಟ್ಟರೆ ನಾವೂ ಭಸ್ಮದವರ ಸಾಲಿಗೇ ಸೇರುತ್ತೇವೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಕಿವಿಯಲ್ಲಿ ಗುಂಯ್ ಅನ್ನಿಸಬಹುದು, ವಾಂತಿ ಬಹಳ. ಅದಕ್ಕೇ ಮದ್ದಿನ ಹಿಂದೆಮುಂದೆ ಬಾಟಲಿಗಟ್ಟಲೆ ಉಪ್ಪುನೀರು ಏರಿಸುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ, ವಾಂತಿಗೆ ಬೇರೆ ಮದ್ದು ಕೊಡುತ್ತಾರೆ. ಮೂತ್ರಪಿಂಡಕ್ಕೆ ಇಷ್ಟು ಕಾಟ ಕೊಡದ ತಮ್ಮನೊಬ್ಬ ಹುಟ್ಟಿದ್ದಾನೆ, ಕಾರ್ಬೋಪ್ಲಾಟಿನ್ ಅಂತ. ಅಮೆರಿಕದಲ್ಲಿ 1989ರಿಂದ ಇದೆ. ಯಾರಿಗೆ ಯಾವುದು ಎಂಬುದು ವೈದ್ಯರ ಲೆಕ್ಕ.

ಆ ಉಪ್ಪುನೀರಿನಲ್ಲಿ ಇನ್ನೊಂದು ಪಾಠವೂ ಅಡಗಿದೆ. ರಕ್ತದಲ್ಲಿ ಉಪ್ಪು ಹೆಚ್ಚು, ಅಂದರೆ ಕ್ಲೋರೈಡ್ ಹೆಚ್ಚು, ಹಾಗಾಗಿ ಮದ್ದಿನ ಎರಡು ಕ್ಲೋರಿನ್‌ಗಳು ಹೆಚ್ಚಾಗಿ ಅಂಟಿಕೊಂಡೇ ಇರುತ್ತವೆ. ಕೋಶದೊಳಗೆ ಕ್ಲೋರೈಡ್ ಬಹಳ ಕಡಿಮೆ. ಒಳಹೊಕ್ಕ ಮೇಲೆ ಕ್ಲೋರಿನ್ ಬಿಟ್ಟುಹೋಗಿ ಆ ಜಾಗಕ್ಕೆ ನೀರು ಬರುತ್ತದೆ, ನೀರನ್ನು ತಳ್ಳಿ ಡಿ.ಎನ್.ಎ.ಯ ಗ್ವಾನಿನ್ ಬಂದು ಪ್ಲಾಟಿನಂ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಗ್ವಾನಿನ್ ಹಿಡಿದರೆ ಡಿ.ಎನ್.ಎ. ಏಣಿ ಅಲ್ಲೇ ಬಾಗುತ್ತದೆ. ಬಾಗಿದ ಏಣಿಯನ್ನು ನಕಲು ಮಾಡಲಾಗದೆ ಕೋಶ ಸಾಯುತ್ತದೆ. ರಾಸಾಯನಿಕ ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ ಹೇಳಿ? ಈ ಮದ್ದಿಗೆ ಅಲ್ಯೂಮಿನಿಯಂ ಇರುವ ಸೂಜಿ, ಕೊಳವೆ ಬಳಸಬಾರದು ಎಂಬ ನಿಯಮವಿದೆ. ಅಲ್ಯೂಮಿನಿಯಂ ಪ್ಲಾಟಿನಂಗಿಂತ ಚುರುಕು, ಅದನ್ನು ದ್ರಾವಣದಿಂದ ಹೊರಗೆಳೆದು ಕರಿ ಗಸಿ ಮಾಡಿಬಿಡುತ್ತದೆ. ಲೋಹಗಳ ಕ್ರಿಯಾಶೀಲತೆಯ ಪಟ್ಟಿ ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ ಇದು. ಲೆಕ್ಕವೂ ಸಲೀಸು. ಪ್ಲಾಟಿನಂ 195, ಎರಡು ನೈಟ್ರೋಜನ್ 28, ಆರು ಹೈಡ್ರೋಜನ್ 6, ಎರಡು ಕ್ಲೋರಿನ್ 71, ಒಟ್ಟು 300. ನೂರಕ್ಕೆ 65 ಪಾಲು ಪ್ಲಾಟಿನಂ. 50 ಮಿಲಿಗ್ರಾಂ ಶೀಶೆಯಲ್ಲಿ 32.5 ಮಿಲಿಗ್ರಾಂ. ಆ ಹುಡುಗಿ ಇದನ್ನು ನಮಗಿಂತ ಬೇಗ ಮಾಡಿದಳು.

ಹೌದು, ಆ ಹುಡುಗಿಗೆ ಕೊನೆಗೂ ಉತ್ತರ ಹೇಳಿದೆವು, ತಡವಾಗಿ. ಅವಳು ಅಷ್ಟಕ್ಕೇ ಬಿಡುವವಳಲ್ಲ. ಕೆಲವು ತಿಂಗಳಾದ ಮೇಲೆ ಬಜ್ಜಿ ಕಟ್ಟಿಕೊಟ್ಟ ಪತ್ರಿಕೆಯ ಚೂರೊಂದನ್ನು ಹಿಡಿದು ಬಂದಳು. ಡಿ.ಎನ್.ಎ.ಯ ವಿಚಿತ್ರ ಗಂಟುಗಳನ್ನು ಹುಡುಕಿ ಹಿಡಿಯುವ ಹೊಸ ಲೋಹದ ಅಣು, ಕ್ಯಾನ್ಸರಿಗೆ ಮದ್ದಾಗಬಹುದು ಎಂಬ ಧಾಟಿಯ ಸುದ್ದಿ. ಎಣ್ಣೆಯಲ್ಲಿ ಅರ್ಧ ಅಳಿಸಿಹೋಗಿತ್ತು. "ಸಾರ್, ಅಜ್ಜಿ ಇದು ಬರೋವರೆಗೂ ಕಾಯಬೌದಿತ್ತಾ?" ಎಂದಳು.

ಈ ಪ್ರಶ್ನೆಗೆ ಮತ್ತೆ ಕೈ ತೋರಿಸಿ ತಪ್ಪಿಸಿಕೊಳ್ಳುವ ಧೈರ್ಯ ನಮಗಿರಲಿಲ್ಲ. ಒಂದು ವಾರ ಸಮಯ ಕೇಳಿ ಓದಿದೆವು. ಓದಿದ್ದನ್ನು ಇಲ್ಲಿ ಇಡುತ್ತಿದ್ದೇವೆ.

ಪುಸ್ತಕದಲ್ಲಿರುವ ಡಿ.ಎನ್.ಎ. ಎರಡೆಳೆಯ ತಿರುಚಿದ ಏಣಿ. ಅಡಿನಿನ್ ಎದುರು ಥೈಮಿನ್, ಗ್ವಾನಿನ್ ಎದುರು ಸೈಟೋಸಿನ್. ಆದರೆ ಡಿ.ಎನ್.ಎ. ಯಾವಾಗಲೂ ಹೀಗೆ ಶಿಸ್ತಿನಿಂದ ಇರುವುದಿಲ್ಲ. ಗ್ವಾನಿನ್ ಒತ್ತೊತ್ತಾಗಿ ಇರುವ ಕಡೆ ಎಳೆ ತನ್ನ ಮೇಲೇ ಮಡಿಚಿಕೊಂಡು, ನಾಲ್ಕು ಗ್ವಾನಿನ್ ಒಂದಕ್ಕೊಂದು ಕೈ ಹಿಡಿದು ಚೌಕವಾಗಿ ಕೂರುತ್ತವೆ. ಅಂಥ ಚೌಕಗಳು ಒಂದರ ಮೇಲೊಂದು ಏರುತ್ತವೆ. ಗ್ವಾನಿನ್‌ಗಳು ಹೀಗೆ ಚೌಕವಾಗಿ ಕೂರುತ್ತವೆ ಎಂದು ಗೆಲ್ಲರ್ಟ್ ಮತ್ತು ಸಂಗಡಿಗರು 1962ರಲ್ಲೇ ತೋರಿಸಿದ್ದರು. ಇಂಗ್ಲಿಷಿನವರು ಈ ರಚನೆಗೆ ಜಿ-ಕ್ವಾಡ್ರುಪ್ಲೆಕ್ಸ್ ಎಂದರು, ನಾವು ಕ್ಲಾಸಿನಲ್ಲಿ ನಾಲ್ಕೆಳೆ ಗಂಟು ಎನ್ನುತ್ತೇವೆ.

ಇದಕ್ಕೆ ಚಿತ್ರ ಬರೆಯಲು ಹೋಗಿ ಎರಡು ಸೀಮೆಸುಣ್ಣ ಮುಗಿಸಿದೆವು, ಒಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಹೊಳೆದದ್ದು ಇಡ್ಲಿ ಸ್ಟ್ಯಾಂಡು. ತಟ್ಟೆಗೆ ನಾಲ್ಕು ಕುಳಿ, ನಾಲ್ಕು ಇಡ್ಲಿ. ಅವೇ ನಾಲ್ಕು ಗ್ವಾನಿನ್. ಇಂಥ ಮೂರು ತಟ್ಟೆ ಒಂದರ ಮೇಲೊಂದು. ನಡುವೆ ತಟ್ಟೆಗಳನ್ನು ಹಿಡಿದು ನಿಲ್ಲಿಸುವ ಕಡ್ಡಿಯ ಜಾಗದಲ್ಲಿ ಪೊಟ್ಯಾಸಿಯಂ ಅಯಾನುಗಳು. (ನಿಜಕ್ಕೂ ಅದು ಕಡ್ಡಿಯಂತೆ ಒಂದೇ ತುಂಡಲ್ಲ, ಎರಡು ತಟ್ಟೆಯ ನಡುವೆ ಒಂದೊಂದು ಮಣಿ ಇಟ್ಟಂತೆ.) ಈಗ ಮೇಲಿನ ತಟ್ಟೆಯ ಮೇಲೆ ಸರಿಯಾಗಿ ಕೂರುವ ಇನ್ನೊಂದು ಚಪ್ಪಟೆ ತಟ್ಟೆ ಮುಚ್ಚಿದರೆ? ಗಂಟು ಬಿಚ್ಚಿಕೊಳ್ಳಲಾಗದೆ ಗಟ್ಟಿಯಾಗುತ್ತದೆ. ಲೋಹದ ಸಂಕೀರ್ಣಗಳ ಕೆಲಸ ಅದೇ. ನಿಕಲ್‌ನಂಥ ಲೋಹ ತನ್ನ ಸುತ್ತ ನಾಲ್ಕು ದಿಕ್ಕಿನಿಂದ ಕೊಂಡಿ ಹಿಡಿಸಿಕೊಂಡಾಗ ಚಪ್ಪಟೆ ಚೌಕವಾಗುತ್ತದೆ, ಲೋಹದ ಧನ ಆವೇಶ ಸರಿಯಾಗಿ ಪೊಟ್ಯಾಸಿಯಂ ಸಾಲಿನ ನೇರಕ್ಕೆ ಬಂದು ಕೂರುತ್ತದೆ. ಲಂಡನ್ನಿನ ರಮೋನ್ ವಿಲಾರ್, ಸ್ಟೀಫನ್ ನೀಡಲ್ ಗುಂಪುಗಳು ಇಂಥ ನಿಕಲ್ ಚೌಕಗಳನ್ನು 2006ರಲ್ಲಿ ಮಾಡಿ ತೋರಿಸಿದವು.

ಗಂಟು ಗಟ್ಟಿಯಾದರೆ ಕ್ಯಾನ್ಸರಿಗೇನು ನಷ್ಟ? ಹೂವಿನ ಊರಿನವರಿಗೆ ಇದನ್ನು ಹೇಳುವುದು ಸುಲಭ. ಮಾಲೆ ಕಟ್ಟುವವರು ಎರಡೂ ತುದಿಯಲ್ಲಿ ಬರಿ ದಾರ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ಕೊನೆಯ ಹೂವು ಉದುರುತ್ತದೆ. ವರ್ಣತಂತುವಿನ ತುದಿಯಲ್ಲೂ ಹಾಗೇ ಟಿ-ಟಿ-ಎ-ಜಿ-ಜಿ-ಜಿ ಎಂಬ ಆರು ಅಕ್ಷರ ಸಾವಿರಾರು ಸಲ ಬರೆದ ಬರಿ ದಾರವಿದೆ, ಹೆಸರು ಟೆಲೊಮಿಯರ್. ಕೋಶ ಒಡೆದಾಗಲೆಲ್ಲ ಈ ದಾರ ಒಂದಿಷ್ಟು ಸವೆಯುತ್ತದೆ, ಪೂರ್ತಿ ಸವೆದರೆ ಆ ಕೋಶ ಮತ್ತೆ ಒಡೆಯುವುದಿಲ್ಲ. ಹತ್ತರಲ್ಲಿ ಎಂಟು-ಒಂಬತ್ತು ಕ್ಯಾನ್ಸರ್‌ಗಳು ಟೆಲೊಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿ ಕೂರಿಸಿಕೊಂಡು ದಾರ ಸೇರಿಸುತ್ತಲೇ ಹೋಗುತ್ತವೆ, ಅದಕ್ಕೇ ಸಾಯುವುದಿಲ್ಲ. ಈ ದಾರದ ಗುಟ್ಟು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜಾಕ್ ಷೊಸ್ಟಾಕ್ ಅವರಿಗೆ 2009ರ ನೊಬೆಲ್. ಆರಕ್ಷರದಲ್ಲಿ ಮೂರು ಜಿ ಇರುವುದನ್ನು ಗಮನಿಸಿ. ಆ ದಾರ ನಾಲ್ಕೆಳೆ ಗಂಟಾಗಿ ಮಡಿಚಿ, ಮೇಲೊಂದು ಲೋಹದ ತಟ್ಟೆ ಕೂತುಬಿಟ್ಟರೆ ಟೆಲೊಮರೇಸ್‌ಗೆ ಹಿಡಿಯಲು ತುದಿ ಸಿಗುವುದಿಲ್ಲ. ಆಸೆಯೆಲ್ಲ ಇಲ್ಲಿದೆ. ಸಿಸ್‌ಪ್ಲಾಟಿನ್ ಮಾಮೂಲಿ ಏಣಿಗೇ ಹೋಗಿ ಅಂಟುತ್ತದೆ, ಆ ಏಣಿ ಎಲ್ಲ ಕೋಶದಲ್ಲೂ ಇದೆ, ಹಾಗಾಗಿ ಒಳ್ಳೆಯ ಕೋಶಕ್ಕೂ ಪೆಟ್ಟು. ಗಂಟನ್ನು ಮಾತ್ರ ಹಿಡಿಯುವ ಮದ್ದು ಸಿಕ್ಕರೆ ಪೆಟ್ಟು ಬೀಳಬೇಕಾದವರಿಗೆ ಹೆಚ್ಚು ಬೀಳುತ್ತದೆ.

ಗಂಟು ನಿಜವಾಗಿ ಮನುಷ್ಯರ ಕೋಶದಲ್ಲಿದೆಯೋ, ಇಲ್ಲ ಗಾಜಿನ ಕೊಳವೆಯಲ್ಲಿ ಮಾತ್ರವೋ ಎಂಬ ಜಗಳ ಬಹಳ ಕಾಲ ಇತ್ತು. 2013ರಲ್ಲಿ ಕೇಂಬ್ರಿಜ್‌ನ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ ಮನುಷ್ಯರ ಕೋಶದಲ್ಲೇ ಅದನ್ನು ಹೊಳೆಯಿಸಿ ತೋರಿಸಿತು. ಅವರು ಹುಟ್ಟಿದ್ದು ನಮ್ಮ ರಾಜಧಾನಿ ಚೆನ್ನೈಯಲ್ಲಿ. ನಮ್ಮ ಮಕ್ಕಳಿಗೆ ಈ ಮಾತು ಹೇಳಿದಾಗ ಮುಖ ಅರಳಿದ್ದನ್ನು ನೋಡಬೇಕಿತ್ತು! 2015ರಲ್ಲಿ ಅದೇ ಗುಂಪು ನಮ್ಮ ಡಿ.ಎನ್.ಎ.ಯಲ್ಲಿ ಗಂಟಾಗಬಲ್ಲ ಜಾಗಗಳು 7 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿತು. ಮರುವರ್ಷ ಕೋಶದೊಳಗೆ ನಿಜಕ್ಕೂ ಗಂಟಾಗಿರುವುದನ್ನು ಎಣಿಸಿದಾಗ ಸುಮಾರು 10,000 ಸಿಕ್ಕವು, ಅದೂ ಬೆಳೆಯುವುದನ್ನು ನಿಲ್ಲಿಸದ ಕೋಶಗಳಲ್ಲಿ. ಮಾಮೂಲಿ ಕೋಶಗಳಲ್ಲಿ ಅದಕ್ಕಿಂತ ಬಹಳ ಕಡಿಮೆ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ, ನಮ್ಮಿಂದ ನಲವತ್ತು ಕಿಲೋಮೀಟರು. ಭಾರತೀಯ ವಿಜ್ಞಾನ ಸಂಸ್ಥೆಯ (ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ) ಪ್ರೊ. ಕೆ. ಮುನಿಯಪ್ಪ ಅವರು ಯೀಸ್ಟ್‌ನ ಒಂದು ಪ್ರೋಟೀನು ನಾಲ್ಕೆಳೆ ಗಂಟನ್ನು ಹಿಡಿಯುತ್ತದೆ, ಗಂಟು ಕಟ್ಟಲು ನೆರವೂ ಆಗುತ್ತದೆ ಎಂದು 2000ದಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದರು. ಅಲ್ಲಿಯೇ ಪ್ರೊ. ಸಂತನು ಭಟ್ಟಾಚಾರ್ಯ ಅವರ ಗುಂಪು ಮುನಿಯಪ್ಪ ಅವರ ಜೊತೆಗೂಡಿ ನಿಕಲ್, ಪಲೇಡಿಯಂ ಸಂಕೀರ್ಣಗಳನ್ನು ಮಾಡಿ, ಅವು ಟೆಲೊಮಿಯರ್ ಗಂಟನ್ನು ಗಟ್ಟಿಮಾಡುತ್ತವೆ, ಟೆಲೊಮರೇಸ್‌ಗೆ ತಡೆಯೊಡ್ಡುತ್ತವೆ ಎಂದು 2017ರಲ್ಲಿ ಬರೆಯಿತು. ಯೀಸ್ಟ್ ಎಂದರೆ ಬ್ರೆಡ್ ಉಬ್ಬಿಸುವ ಅದೇ ಯೀಸ್ಟ್.

ಗಂಟುಗಳಲ್ಲೂ ಜಾತಿಗಳಿವೆ. ಮೂರು ಎಳೆ ಬಂದು ಕೂಡುವ ಮೂರು ದಾರಿಯ ಕೂಡಿಕೆ ಒಂದಿದೆ. ಬರ್ಮಿಂಗ್‌ಹ್ಯಾಂನ ಮೈಕ್ ಹ್ಯಾನನ್ ಮತ್ತು ಬಾರ್ಸಿಲೋನಾದ ಮಿಕೆಲ್ ಕೋಲ್ ಅವರ ತಂಡ, ಕಬ್ಬಿಣದ ಕೊಳವೆಯಾಕಾರದ ಸಂಕೀರ್ಣವೊಂದು ಈ ಕೂಡಿಕೆಯ ನಟ್ಟನಡುವೆ ಸೊಗಸಾಗಿ ಕೂತಿರುವುದನ್ನು 2006ರಲ್ಲಿ ಕಂಡಿತು. ಮೂರು ರಸ್ತೆ ಸೇರುವಲ್ಲಿ ಪೊಲೀಸಪ್ಪ ನಿಂತ ಹಾಗೆ. ಕಾಫಿಯ ಕೆಫೀನಿಗೆ ಚಿನ್ನ ಜೋಡಿಸಿದ ಸಂಕೀರ್ಣವೊಂದು ನಾಲ್ಕೆಳೆ ಗಂಟನ್ನು ಹಿಡಿಯುತ್ತದೆ ಎಂಬುದೂ 2014ರಲ್ಲಿ ಪ್ರಕಟವಾಗಿದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಸಂಕಟವನ್ನು ಹತ್ತಿರದಿಂದ ನೋಡಿದ ನಮ್ಮ ಕಡೆಯವರಿಗೆ ಚಿನ್ನದ ಮಾತು ಬಂದರೆ ಕಿವಿ ನೆಟ್ಟಗಾಗುತ್ತದೆ, ಹಾಗಾಗಿ ಹೇಳಿದೆವು. ದಯವಿಟ್ಟು ಯಾರೂ ಫಿಲ್ಟರ್ ಕಾಫಿಗೆ ಉಂಗುರ ಅದ್ದಿ ಕುಡಿಯಬೇಡಿ!

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅಜ್ಜಿ ಕಾಯಬಹುದಿತ್ತೇ? ಕಾಯಬಾರದಿತ್ತು. ಗಂಟು ಹಿಡಿಯುವ ಈ ಲೋಹದ ಅಣುಗಳಲ್ಲಿ ಒಂದೂ ಇದುವರೆಗೆ ಮದ್ದಿನ ಅಂಗಡಿಗೆ ಬಂದಿಲ್ಲ. ಲೋಹವಿಲ್ಲದ ಗಂಟು ಹಿಡಿಯುವ ಅಣುಗಳಲ್ಲಿ ಕ್ವಾರ್‌ಫ್ಲಾಕ್ಸಿನ್ ಎಂಬುದು ರೋಗಿಗಳ ಮೇಲಿನ ಪರೀಕ್ಷೆಯ ಎರಡನೇ ಮೆಟ್ಟಿಲವರೆಗೆ ಹೋಗಿ ನಿಂತುಹೋಯಿತು. ಸಿಎಕ್ಸ್-5461 ಎಂಬುದರ ಮೊದಲ ಮೆಟ್ಟಿಲಿನ ಫಲಿತಾಂಶ ಕೆನಡಾದಿಂದ 2022ರಲ್ಲಿ ಬಂತು, ಬಿಸಿಲಿಗೆ ಚರ್ಮ ಸುಡುವ ತೊಂದರೆ ಅದರಲ್ಲಿ ಕಾಣಿಸಿತು. ಕೊಳವೆಯಲ್ಲಿ ಗಂಟು ಮತ್ತು ಲೋಹ ಇಬ್ಬರೇ ಇರುತ್ತಾರೆ, ಮದುವೆ ಸುಲಭ. ಮೈಯೊಳಗೆ ಮುನ್ನೂರು ಕೋಟಿ ಅಕ್ಷರದ ಏಣಿ, ಅದರ ಜೊತೆಗೆ ಪ್ರೋಟೀನು, ಕೊಬ್ಬು, ಯಕೃತ್ತು, ಮೂತ್ರಪಿಂಡ. ಚಪ್ಪಟೆ ಅಣುವಿಗೆ ಸಿಕ್ಕಿದ್ದಕ್ಕೆಲ್ಲ ಅಂಟುವ ಚಾಳಿ ಬೇರೆ. ನಿಕಲ್ ಸ್ವತಃ ಸಾಧು ಲೋಹವೂ ಅಲ್ಲ. ಸಿಸ್‌ಪ್ಲಾಟಿನ್‌ಗೆ ಅದೃಷ್ಟ ಕೂಡಿಬಂದೂ ಬ್ಯಾಕ್ಟೀರಿಯಾದಿಂದ ಪರವಾನಗಿವರೆಗೆ 13 ವರ್ಷ ಹಿಡಿಯಿತು. ಈ ಗಂಟಿನ ಮದ್ದುಗಳು ಎಷ್ಟು ವರ್ಷ ತೆಗೆದುಕೊಳ್ಳುತ್ತವೋ. ಬಾಯಿಯ ಹುಣ್ಣು ಅಷ್ಟು ದಿನ ಕಾಯುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಈ ಎರಡೂ ಮಾತನ್ನು, ಅಂದರೆ ವಿಜ್ಞಾನ ಎಷ್ಟು ಸೊಗಸಾದ ದಾರಿ ಹಿಡಿದಿದೆ ಎಂಬುದನ್ನೂ, ಆ ದಾರಿ ಆಸ್ಪತ್ರೆಯ ಬಾಗಿಲು ಮುಟ್ಟಿಲ್ಲ ಎಂಬುದನ್ನೂ, ಒಂದೇ ಪೀರಿಯಡ್ಡಿನಲ್ಲಿ, ಕನ್ನಡದಲ್ಲಿ, ಹತ್ತನೇ ತರಗತಿಯಲ್ಲಿ ಹೇಳಬೇಕು. ಹನ್ನೆರಡಕ್ಕೆ ಬಿಡಬಾರದು. ಹತ್ತು ದಾಟಿದ ಮೇಲೆ ನಮ್ಮ ಮಕ್ಕಳು ತಮಿಳು ಮಾಧ್ಯಮಕ್ಕೋ ಇಂಗ್ಲಿಷಿಗೋ ಐ.ಟಿ.ಐ.ಗೋ ಚದುರಿಹೋಗುತ್ತಾರೆ, ಕೆಲವರು ನೇರವಾಗಿ ಹೂವಿನ ತೋಟಕ್ಕೂ ಕಾರ್ಖಾನೆ ಗೇಟಿಗೂ ಹೋಗುತ್ತಾರೆ. ಕನ್ನಡದಲ್ಲಿ ಅವರಿಗೆ ವಿಜ್ಞಾನ ಹೇಳುವ ಕೊನೆಯವರು ಬಹಳ ಸಲ ನಾವೇ.

ಸಹೋದ್ಯೋಗಿಯೊಬ್ಬರು ನಮ್ಮನ್ನು ತರಾಟೆಗೆ ತೆಗೆದುಕೊಂಡರು. ಪರೀಕ್ಷೆಗೆ ಬಾರದ್ದನ್ನು ಹೇಳಿ ಮಕ್ಕಳ ತಲೆ ಯಾಕೆ ಕೆಡಿಸುತ್ತೀರಿ, ಮೊದಲೇ ಗಡಿಯಲ್ಲಿ ಮೂರು ಭಾಷೆಯ ಭಾರ ಅಂದರು. ಭಾರದ ಮಾತು ನಿಜ, ನಮಗೂ ಗೊತ್ತು. ಆದರೆ ಡಿ.ಎನ್.ಎ. ಪಾಠದಲ್ಲಿದೆ, ಲೋಹಗಳು ಪಾಠದಲ್ಲಿವೆ, ಕ್ಯಾನ್ಸರ್ ಪಾಠದಲ್ಲೂ ಇದೆ, ಮನೆಯಲ್ಲೂ ಇದೆ. ಇವುಗಳನ್ನು ಹೊಲಿಯುವ ದಾರ ಮಾತ್ರ ಹೊಸದು. ಇನ್ನೊಬ್ಬರು, ಕ್ವಾಡ್ರುಪ್ಲೆಕ್ಸ್ ಅಂದರೆ ಅದು ಕನ್ನಡವೇ ಎಂದು ನಕ್ಕರು. ಅಲ್ಲ ಸ್ವಾಮಿ, ಬಸ್ಸು, ಬೆಂಚು, ಪರ್ಮಿಟ್ಟು ಕನ್ನಡವೇ? ಬಾಯಿಗೆ ಒಗ್ಗಿದರೆ ಅದೂ ಒಂದು ದಿನ ಕನ್ನಡವೇ. ಇಂಗ್ಲಿಷ್ ಶಾಲೆಯ ಮಕ್ಕಳಿಗೇನು ಆ ಪದ ತೊಟ್ಟಿಲಲ್ಲೇ ಬಂದಿದೆಯೇ? ಸಂಕೀರ್ಣ, ಅಯಾನು, ವರ್ಣತಂತು, ಕಿಣ್ವ, ಇಷ್ಟು ಪದ ನಮ್ಮ ಪುಸ್ತಕಗಳಲ್ಲಿ ಆಗಲೇ ಇವೆ. ಉಳಿದದ್ದಕ್ಕೆ ಇಡ್ಲಿ ತಟ್ಟೆ ಇದೆ.

ಇನ್ನೊಂದು ಮಾತು. ಕ್ಯಾನ್ಸರ್ ಆಸ್ಪತ್ರೆ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು 1973ರಲ್ಲಿ ಶುರುವಾದ ಕಿದ್ವಾಯಿ. ಅದು ಇರುವುದು ನಮ್ಮೂರ ಹೆಸರು ಹೊತ್ತ ಹೊಸೂರು ರಸ್ತೆಯಲ್ಲೇ. 1956ರಲ್ಲಿ ರಾಜ್ಯಗಳು ಬೇರೆಯಾದವು, ರೋಗ ಬೇರೆಯಾಗಲಿಲ್ಲ, ಅತ್ತಿಬೆಲೆ ದಾಟಿ ಜನ ಹೋಗುತ್ತಲೇ ಇದ್ದಾರೆ. ಗಡಿಯಾಚೆ ಬೋರ್ಡುಗಳು ಕನ್ನಡದಲ್ಲಿರುತ್ತವೆ, ಕೈಗೆ ಕೊಡುವ ಚೀಟಿ ಮಾತ್ರ ಹೆಚ್ಚಾಗಿ ಇಂಗ್ಲಿಷೇ. ಆ ಚೀಟಿಯನ್ನು ಮನೆಯಲ್ಲಿ ಓದಿ ಹೇಳುವುದು ಹದಿನೈದು ವರ್ಷದ ಮಗು. ಮದ್ದಿನ ಹೆಸರು ಓದಿ, ಇದು ಇಂಥದು, ಇದಕ್ಕೆ ಹೀಗೆ ತೊಂದರೆಯಾಗಬಹುದು, ಉಪ್ಪುನೀರು ಅದಕ್ಕೇ ಕೊಡುವುದು, ನಡುವೆ ನಿಲ್ಲಿಸಬೇಡ ಅಜ್ಜಿ ಎಂದು ಹೇಳುವಷ್ಟು ಆ ಮಗುವಿಗೆ ಗೊತ್ತಿದ್ದರೆ ಭಸ್ಮದವನ ವಿಳಾಸ ಕೊಡುವವರಿಗೆ ಒಂದು ಎದುರು ಮಾತಾದರೂ ಇರುತ್ತದೆ. ಡಾಕ್ಟರಾಗಿ ಎಂದು ನಾವು ಮಕ್ಕಳಿಗೆ ಹೇಳುತ್ತಿಲ್ಲ, ಮದ್ದು ಹೇಳುವುದು ಮೇಷ್ಟ್ರ ಕೆಲಸವೂ ಅಲ್ಲ.

ಕಳೆದ ವರ್ಷದಿಂದ ನಾವು ಇದಕ್ಕೆ ಎರಡು ಪೀರಿಯಡ್ಡು ಇಟ್ಟಿದ್ದೇವೆ. ಮೊದಲನೆಯದು ಸಿಸ್‌ಪ್ಲಾಟಿನ್, 300ರ ಲೆಕ್ಕ, ಉಪ್ಪುನೀರು, ಅಲ್ಯೂಮಿನಿಯಂ. ಎರಡನೆಯದು ಗಂಟು. ಮಾಡಿನೋಡಬೇಕೆನ್ನುವ ಶಾಲೆಗಳವರು ತಿಳಿಸಿ, ನಮ್ಮ ಟಿಪ್ಪಣಿ ಕೊಡುತ್ತೇವೆ. ತಪ್ಪಿದ್ದರೆ ತಿದ್ದಿ ಕಳಿಸಿ, ವಿಜ್ಞಾನದವರು ಮುಲಾಜು ನೋಡಬೇಡಿ.

ಆ ಹುಡುಗಿ ಈಗ ಹತ್ತು ಮುಗಿಸಿ ಹೋಗಿದ್ದಾಳೆ. ಆದರೂ ಎರಡನೇ ಪೀರಿಯಡ್ಡಿಗೆ ಬೇಕಾದ ಸ್ಟ್ಯಾಂಡು ಅವಳ ಮನೆಯಿಂದಲೇ ಬರುತ್ತದೆ. ನಾಲ್ಕು ಕುಳಿಯ ಹಳೆಯ ಸ್ಟ್ಯಾಂಡು ನಮ್ಮ ಸುತ್ತಿನಲ್ಲಿ ಉಳಿದಿರುವುದು ಅವರಲ್ಲಿ ಮಾತ್ರ. ಹೋದ ಸಲ ತಮ್ಮನ ಕೈಯಲ್ಲಿ ಕಳಿಸಿದ್ದಳು. ಜೊತೆಗೆ ಅಜ್ಜಿಯ ಮಾತೂ ಬಂದಿತ್ತು: "ಶನಿವಾರದೊಳಗೆ ವಾಪಸು ಕೊಡಬೇಕಂತೆ ಸಾರ್, ಅಜ್ಜಿ ಬಾಯಿಗೆ ಇಡ್ಲಿ ಒಂದೇ ಸಲೀಸಾಗಿ ಇಳಿಯೋದು."